ಕಂಪನಿ ದುಬೈಯಲ್ಲಿ, ಯಜಮಾನ ಬಸವನಗುಡಿಯಲ್ಲಿ

ದುಬೈಯಲ್ಲಿ ಒಂದು ಕಂಪನಿ ತೆರೆದರೆ ಸಾಕು, ತೆರಿಗೆ ಶೂನ್ಯ ಎಂದು ವಿಡಿಯೊ ಮಾಡಿ ಹಣ ಮಾಡುವವರ ಮೇಲೆ ನನಗೆ ಸಿಟ್ಟಿದೆ. ಅವರ ಮಾತು ನಂಬಿ ಸಿಕ್ಕಿಬಿದ್ದವರ ಕಾಗದಪತ್ರ ನೋಡುವ ಲೆಕ್ಕಪರಿಶೋಧಕ ನಾನು. ಬರುವವರಲ್ಲಿ ಹೆಚ್ಚಿನವರು ಚಿಕ್ಕ ವಯಸ್ಸಿನವರು. ಮನೆಯಲ್ಲೇ ಕುಳಿತು ಹೊರದೇಶದ ಗ್ರಾಹಕರಿಗೆ ಸಾಫ್ಟ್‌ವೇರ್ ಬರೆದುಕೊಡುತ್ತಾರೆ, ರಾತ್ರಿಯೆಲ್ಲ ದುಡಿಯುತ್ತಾರೆ. ಕಷ್ಟಪಟ್ಟು ಗಳಿಸಿದ್ದನ್ನು ಉಳಿಸಿಕೊಳ್ಳುವ ಆಸೆ ತಪ್ಪಲ್ಲ. ಆ ಆಸೆಯನ್ನೇ ಬಂಡವಾಳ ಮಾಡಿಕೊಂಡು, ಫ್ರೀ ಝೋನ್ ಎಂಬ ತೆರಿಗೆ ರಿಯಾಯಿತಿಯ ವಿಶೇಷ ವಲಯದ ಒಂದು ಲೈಸೆನ್ಸನ್ನು ಅವರ ಕೈಗಿಟ್ಟು ಜಾರಿಕೊಳ್ಳುವವರದು ತಪ್ಪು.

ಮೊದಲನೆಯದಾಗಿ, ಶೂನ್ಯ ಎಂಬುದೇ ಹಳೆಯ ಕತೆ. 2023ರ ಜೂನ್ 1ರಂದು ಅಥವಾ ಅದರ ನಂತರ ಆರಂಭವಾದ ಲೆಕ್ಕದ ವರ್ಷಗಳಿಂದ ಅಲ್ಲಿಯೂ ಕಂಪನಿ ತೆರಿಗೆ ಇದೆ. 3,75,000 ದಿರ್ಹಮ್ ಮೀರಿದ ಲಾಭಕ್ಕೆ ಶೇ 9. ಫ್ರೀ ಝೋನ್ ಕಂಪನಿಗಳಿಗೆ ಶೂನ್ಯ ದರ ಸಿಗುವುದು ಷರತ್ತಿಗೆ ಒಳಪಟ್ಟ ಕೆಲವು ಬಗೆಯ ಆದಾಯಕ್ಕೆ ಮಾತ್ರ.

ಅದಕ್ಕಿಂತ ದೊಡ್ಡ ವಿಷಯ ನೀವು ಎಲ್ಲಿಯ ತೆರಿಗೆ ನಿವಾಸಿ, ಅಂದರೆ ತೆರಿಗೆಯ ಲೆಕ್ಕದಲ್ಲಿ ಯಾವ ದೇಶದವರು, ಎಂಬುದು. 'ನನಗೆ ಅಲ್ಲಿನ ರೆಸಿಡೆನ್ಸ್ ವೀಸಾ ಇದೆಯಲ್ಲ ಸರ್' ಎನ್ನುತ್ತಾರೆ. ವೀಸಾ ಕೊಡುವುದು ಅಲ್ಲಿ ಇರುವ ಅನುಮತಿಯನ್ನಷ್ಟೆ. ನಮ್ಮ ಕಾನೂನು ಎಣಿಸುವುದು ನೀವು ಭಾರತದಲ್ಲಿ ಕಳೆದ ದಿನಗಳನ್ನು. ಆರ್ಥಿಕ ವರ್ಷದಲ್ಲಿ 182 ದಿನ ಇಲ್ಲಿದ್ದರೆ ನೀವು ನಿವಾಸಿ. ಹೊರಗೆ ನೆಲೆಸಿ ಆಗಾಗ ಊರಿಗೆ ಬಂದುಹೋಗುವವರ ಭಾರತದ ಆದಾಯ 15 ಲಕ್ಷ ಮೀರಿದರೆ ಮಿತಿ 120 ದಿನಕ್ಕೆ ಇಳಿಯುತ್ತದೆ. ಯಾವ ದೇಶದಲ್ಲೂ ತೆರಿಗೆಗೆ ಒಳಪಡದ ಭಾರತೀಯ ಪ್ರಜೆಗೆ ಇಂಥ ಆದಾಯ 15 ಲಕ್ಷ ಮೀರಿದ್ದರೆ, ಒಂದು ದಿನವೂ ಇಲ್ಲಿರದಿದ್ದರೂ ಅವರನ್ನು ನಿವಾಸಿ ಎಂದೇ ಪರಿಗಣಿಸುವ ನಿಯಮ 2020ರಲ್ಲಿ ಬಂತು. ಭಾರತದಿಂದ ನಡೆಸುವ ವ್ಯವಹಾರದ ಆದಾಯವೂ ಆ 15 ಲಕ್ಷದ ಲೆಕ್ಕಕ್ಕೆ ಸೇರುತ್ತದೆ. ಇನ್ನು ವರ್ಷವಿಡೀ ಬಸವನಗುಡಿಯಲ್ಲೇ ಇರುವವರ ಬಗ್ಗೆ ಚರ್ಚೆಗೆ ಜಾಗವೇ ಇಲ್ಲ. ಅವರು ಜಗತ್ತಿನ ಯಾವ ಮೂಲೆಯಲ್ಲಿ ಗಳಿಸಿದರೂ ಇಲ್ಲಿ ತೆರಿಗೆ ಕೊಡಬೇಕು. ದುಬೈ ಕಂಪನಿ ಕೊಡುವ ಲಾಭಾಂಶ ಅವರ ಮಾಮೂಲು ಹಂತದ ದರಕ್ಕೇ ಬರುತ್ತದೆ.

'ಹಣವನ್ನು ಕಂಪನಿಯಲ್ಲೇ ಬಿಟ್ಟರೆ?' ಇದು ಎಲ್ಲರೂ ಕೇಳುವ ಮುಂದಿನ ಪ್ರಶ್ನೆ. ಇದಕ್ಕೆ ನೂರು ವರ್ಷಕ್ಕೂ ಹಳೆಯ ಉತ್ತರವಿದೆ. ವಜ್ರದ ಗಣಿಗಳ ಡಿ ಬಿಯರ್ಸ್ ಕಂಪನಿ ದಕ್ಷಿಣ ಆಫ್ರಿಕಾದಲ್ಲಿ ನೋಂದಣಿಯಾಗಿತ್ತು, ಗಣಿಗಳೂ ಅಲ್ಲೇ ಇದ್ದವು. ಆದರೆ ಮುಖ್ಯ ತೀರ್ಮಾನಗಳೆಲ್ಲ ಲಂಡನ್ನಿನಲ್ಲಿ ಆಗುತ್ತಿದ್ದವು. ಕಂಪನಿ ಉಣ್ಣುವುದಿಲ್ಲ, ನಿದ್ರಿಸುವುದಿಲ್ಲ, ಆದರೂ ಅದು ನಿಜವಾಗಿ ಎಲ್ಲಿ ಸಂಸಾರ ಹೂಡಿದೆ ಎಂಬುದನ್ನು ನೋಡಬೇಕು ಎಂದು 1906ರಲ್ಲಿ ಬ್ರಿಟನ್ನಿನ ನ್ಯಾಯಾಧೀಶ ಲಾರ್ಡ್ ಲೋರ್‌ಬರ್ನ್ ಹೇಳಿದರು. ಕಂಪನಿ ಬ್ರಿಟನ್ನಿನ ನಿವಾಸಿ, ತೆರಿಗೆಯನ್ನೂ ಅಲ್ಲೇ ಕಟ್ಟಬೇಕು ಎಂದು ತೀರ್ಪಾಯಿತು.

ನಮ್ಮಲ್ಲಿ ಮೊದಲು ನಿಯಮ ಸಡಿಲವಾಗಿತ್ತು. ವಿದೇಶಿ ಕಂಪನಿಯ ನಿಯಂತ್ರಣ ಸಂಪೂರ್ಣವಾಗಿ ಭಾರತದಲ್ಲೇ ಇದ್ದರೆ ಮಾತ್ರ ಅದು ಇಲ್ಲಿನ ನಿವಾಸಿಯಾಗುತ್ತಿತ್ತು. ವರ್ಷಕ್ಕೊಂದು ಸಭೆಯನ್ನು ಹೊರಗೆ ನಡೆಸಿದರೆ ಪಾರಾಗಬಹುದಿತ್ತು. 2015ರ ತಿದ್ದುಪಡಿ ಅದನ್ನು ಬದಲಿಸಿತು. ವ್ಯವಹಾರಕ್ಕೆ ಬೇಕಾದ ಮುಖ್ಯ ತೀರ್ಮಾನಗಳು ವಾಸ್ತವದಲ್ಲಿ ಎಲ್ಲಿ ಆಗುತ್ತವೆಯೋ ಅದೇ ಈಗ ಕಂಪನಿಯ ನೆಲೆ.

ಇಲ್ಲಿ ಲೈಸೆನ್ಸ್ ಮಾರುವವರು ಒಂದು ಸುತ್ತೋಲೆ ಹಿಡಿದು ಬರುತ್ತಾರೆ. ವಾರ್ಷಿಕ ವಹಿವಾಟು 50 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಈ ನಿಯಮ ಅನ್ವಯವಾಗುವುದಿಲ್ಲ ಎಂದು 2017ರಲ್ಲಿ ನೇರ ತೆರಿಗೆಗಳ ಕೇಂದ್ರೀಯ ಮಂಡಳಿ ಹೇಳಿದ್ದು ನಿಜ. ಅವರು ಹೇಳದೆ ಬಿಡುವ ಇನ್ನರ್ಧ ಹೀಗಿದೆ. ಭಾರತ ಮತ್ತು ಸಂಯುಕ್ತ ಅರಬ್ ಎಮಿರೇಟ್ಸ್ ನಡುವಿನ ತೆರಿಗೆ ಒಪ್ಪಂದದ ಪ್ರಕಾರ, ಕಂಪನಿಯ ಆಡಳಿತ ನಡೆಯುವ ಸ್ಥಳವೂ ಅದರ ಕಾಯಂ ನೆಲೆ, ಅಂದರೆ ವ್ಯವಹಾರದ ಸ್ಥಿರ ಜಾಗ. ನಿಮ್ಮ ಮನೆಯ ಕೋಣೆಯಿಂದ ಕಂಪನಿ ನಡೆಯುತ್ತಿದ್ದರೆ, ಆ ನೆಲೆಗೆ ಸೇರುವ ಲಾಭಕ್ಕೆ ಭಾರತ ತೆರಿಗೆ ಕೇಳಬಹುದು. ಅದೂ ವಿದೇಶಿ ಕಂಪನಿಯ ದರದಲ್ಲಿ, ಅಂದರೆ ಶೇ 35, ಜೊತೆಗೆ ಸೆಸ್. ಅದೇ ಕೆಲಸವನ್ನು ಭಾರತೀಯ ಕಂಪನಿಯ ಮೂಲಕ ಮಾಡಿದ್ದರೆ, ಶೇ 22ರ ದರ ಆರಿಸಿಕೊಂಡು ಸರ್ಚಾರ್ಜ್, ಸೆಸ್ ಎಲ್ಲ ಸೇರಿ ಸುಮಾರು ಶೇ 25.17ಕ್ಕೆ ಮುಗಿಯುತ್ತಿತ್ತು. ತೆರಿಗೆ ಇಳಿಸಲು ಹೋಗಿ ಏರಿಸಿಕೊಂಡ ಹಾಗಾಯಿತು.

ಇಲಾಖೆಗೆ ಗೊತ್ತಾಗುವುದು ಹೇಗೆ ಎನ್ನುವವರಿಗೆ ನಾನು ಕಂಡ ಒಂದು ಕಡತದ ಬಗ್ಗೆ ಹೇಳುತ್ತೇನೆ. ಅದರಲ್ಲಿ ನಿರ್ದೇಶಕರ ಸಭೆಯ ನಡಾವಳಿ ಇತ್ತು. ಸ್ಥಳ ದುಬೈ, ಸಮಯ ಬೆಳಿಗ್ಗೆ 11 ಗಂಟೆ, ಕೆಳಗೆ ಏಕೈಕ ನಿರ್ದೇಶಕರ ಸಹಿ. ಅದೇ ಕಡತದಲ್ಲಿ ಒಂದು ನಿವೇಶನದ ಕ್ರಯಪತ್ರದ ಪ್ರತಿಯೂ ಇತ್ತು. ನಡಾವಳಿಯ ದಿನವೇ ಆ ವ್ಯಕ್ತಿ ಬೆಂಗಳೂರಿನ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕ್ಯಾಮೆರಾ ಮುಂದೆ ಕುಳಿತು, ಹೆಬ್ಬೆಟ್ಟು ಒತ್ತಿ ನೋಂದಣಿ ಮಾಡಿಸಿಕೊಂಡಿದ್ದರು. ಫೋಟೊ, ಬೆರಳಚ್ಚು, ದಿನಾಂಕ ಎಲ್ಲವೂ ಪತ್ರದ ಮೇಲೆಯೇ ಇದ್ದವು. ಯಾರೂ ಪತ್ತೇದಾರಿಕೆ ಮಾಡಬೇಕಾಗಿರಲಿಲ್ಲ. ಇದರ ಮೇಲೆ ಪಾಸ್‌ಪೋರ್ಟಿನ ಮುದ್ರೆಗಳಿವೆ, ಬ್ಯಾಂಕ್ ಖಾತೆಗೆ ಎಲ್ಲಿಂದ ಲಾಗಿನ್ ಆಯಿತು ಎಂಬ ದಾಖಲೆಗಳಿವೆ. ನೂರಕ್ಕೂ ಹೆಚ್ಚು ದೇಶಗಳು ಬ್ಯಾಂಕ್ ಖಾತೆಗಳ ಮಾಹಿತಿಯನ್ನು ತಾವಾಗಿಯೇ ಹಂಚಿಕೊಳ್ಳುತ್ತವೆ. ಅರಬ್ ಎಮಿರೇಟ್ಸ್ ಕೂಡ ಅದರಲ್ಲಿದೆ.

ದೊಡ್ಡವರು ಮಾಡಿದರೆ ನಡೆಯುತ್ತದೆ, ನಮಗೇಕೆ ಬಾರದು ಎಂಬ ನೋವು ನನಗೆ ಅರ್ಥವಾಗುತ್ತದೆ. ಆ್ಯಪಲ್ ಐರ್ಲೆಂಡಿನಲ್ಲಿ ಮಾಡಿದ್ದು ಇದೇ ಆಟ. ಐರ್ಲೆಂಡಿನ ಆಗಿನ ಕಾನೂನು ನಿಯಂತ್ರಣ ಎಲ್ಲಿದೆ ಎಂದು ಕೇಳುತ್ತಿತ್ತು, ಅಮೆರಿಕದ ಕಾನೂನು ನೋಂದಣಿ ಎಲ್ಲಿದೆ ಎಂದು ಕೇಳುತ್ತಿತ್ತು. ಐರ್ಲೆಂಡಿನಲ್ಲಿ ನೋಂದಣಿ, ಅಮೆರಿಕದಿಂದ ನಿಯಂತ್ರಣ. ಹೀಗೆ ಕೋಟ್ಯಂತರ ಡಾಲರ್ ಲಾಭ ಎಣಿಸುತ್ತಿದ್ದ ಕಂಪನಿ ಯಾವ ದೇಶದ ತೆರಿಗೆ ನಿವಾಸಿಯೂ ಆಗಿರಲಿಲ್ಲ. ಐರೋಪ್ಯ ಆಯೋಗದ ಲೆಕ್ಕದಲ್ಲಿ 2014ರಲ್ಲಿ ಅದು ಯುರೋಪಿನ ಲಾಭಕ್ಕೆ ಕೊಟ್ಟ ತೆರಿಗೆ ಶೇ 0.005. ಇದು ಅನ್ಯಾಯ ಎನ್ನಲು ನನಗೆ ಯಾವ ಹಿಂಜರಿಕೆಯೂ ಇಲ್ಲ. ಆದರೆ ಅಲ್ಲೂ ಅದು ಕೊನೆಯವರೆಗೆ ನಡೆಯಲಿಲ್ಲ. 13 ಶತಕೋಟಿ ಯುರೋ ಕಟ್ಟಬೇಕೆಂಬ 2016ರ ಆದೇಶವನ್ನು 2024ರ ಸೆಪ್ಟೆಂಬರ್‌ನಲ್ಲಿ ಐರೋಪ್ಯ ನ್ಯಾಯಾಲಯ ಎತ್ತಿಹಿಡಿಯಿತು.

ನಮ್ಮ ಬೆಂಗಳೂರಿನ ಫೋನ್‌ಪೇ ಹೂಡಿಕೆದಾರರ ಅನುಕೂಲ ನೋಡಿ ಸಿಂಗಾಪುರದಲ್ಲಿ ನೆಲೆ ಮಾಡಿಕೊಂಡಿದ್ದ ಕಂಪನಿ. 2022ರಲ್ಲಿ ಅದು ಭಾರತಕ್ಕೆ ಮರಳಿದಾಗ ಅದರ ಷೇರುದಾರರು ಕಟ್ಟಿದ ತೆರಿಗೆ ಸುಮಾರು 8,000 ಕೋಟಿ ರೂಪಾಯಿ. ಹೋಗುವುದು ಸುಲಭ, ವಾಪಸು ಬರುವ ದಾರಿ ದುಬಾರಿ.

ನಿಜವಾಗಿಯೂ ದುಬೈಗೆ ಹೋಗಿ ಮನೆ ಮಾಡಿ, ಅಲ್ಲೇ ಕೆಲಸಗಾರರನ್ನು ಇಟ್ಟುಕೊಂಡು ವ್ಯಾಪಾರ ನಡೆಸುವ ಕನ್ನಡಿಗರು ಎಷ್ಟೋ ಮಂದಿ ಇದ್ದಾರೆ. ಅವರ ಬಗ್ಗೆ ನನ್ನ ತಕರಾರಿಲ್ಲ. ಇಲ್ಲಿನ ರಸ್ತೆ, ಆಸ್ಪತ್ರೆ, ಶಾಲೆ ಎಲ್ಲವನ್ನೂ ಬಳಸುತ್ತಾ, ಕಾಗದದಲ್ಲಿ ಮಾತ್ರ ಊರು ಬಿಟ್ಟವರ ಬಗ್ಗೆ ತಕರಾರಿದೆ. ಸಂಬಳ ಕೈಗೆ ಬರುವ ಮೊದಲೇ ತೆರಿಗೆ ಮುರಿಸಿಕೊಳ್ಳುವ ಮೇಷ್ಟ್ರಿಗೆ ಈ ಆಯ್ಕೆ ಎಲ್ಲಿದೆ?

ಸ್ವತಂತ್ರವಾಗಿ ಕೆಲಸ ಮಾಡುವವರಿಗೆ ನಮ್ಮ ಕಾನೂನಿನಲ್ಲೇ ಒಳ್ಳೆಯ ದಾರಿ ಇದೆ. ಮಾಹಿತಿ ತಂತ್ರಜ್ಞಾನದಂಥ ಅಧಿಸೂಚಿತ ವೃತ್ತಿಯಲ್ಲಿ, ನಗದು ಶೇ 5 ಮೀರದಿದ್ದರೆ, 75 ಲಕ್ಷದವರೆಗಿನ ವಾರ್ಷಿಕ ಸ್ವೀಕೃತಿಯ ಅರ್ಧವನ್ನಷ್ಟೇ ಆದಾಯವೆಂದು ತೋರಿಸಬಹುದು. ಹೊರದೇಶಕ್ಕೆ ಮಾಡುವ ಸೇವಾ ರಫ್ತಿಗೆ, ಮುಚ್ಚಳಿಕೆ ಪತ್ರ ಸಲ್ಲಿಸಿದರೆ, ಜಿಎಸ್‌ಟಿ ಕಟ್ಟಬೇಕಿಲ್ಲ. ಇಷ್ಟನ್ನು ಯಾವ ವಿಡಿಯೊದಲ್ಲೂ ಹೇಳಿದ್ದನ್ನು ನಾನು ಕೇಳಿಲ್ಲ, ಇದರಲ್ಲಿ ಮಾರುವಂಥದ್ದು ಏನೂ ಇಲ್ಲವಲ್ಲ.

ಈಗಾಗಲೇ ಕಂಪನಿ ತೆರೆದಿರುವವರು ಗಾಬರಿಯಾಗಬೇಡಿ, ಮುಚ್ಚಿಡಲೂ ಹೋಗಬೇಡಿ. ರಿಟರ್ನ್‌ನಲ್ಲಿ ವಿದೇಶಿ ಆಸ್ತಿಗಳ ಪಟ್ಟಿ ಎಂಬ ಭಾಗವಿದೆ. ಅದನ್ನು ತುಂಬುವುದು ಡಿಸೆಂಬರ್‌ಗೆ ಮುಗಿಯುವ ಕ್ಯಾಲೆಂಡರ್ ವರ್ಷದ ಲೆಕ್ಕದಲ್ಲಿ, ಇಲ್ಲಿ ಬಹಳ ಜನ ಎಡವುತ್ತಾರೆ. ಷೇರು, ಬ್ಯಾಂಕ್ ಖಾತೆ ಎರಡನ್ನೂ ತೋರಿಸಿ. ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಬಚ್ಚಿಟ್ಟ ಆದಾಯಕ್ಕೆ ಶೇ 30 ತೆರಿಗೆ, ಅದರ ಮೂರು ಪಟ್ಟು ದಂಡ ಬೇರೆ. ಕಂಪನಿಗೆ ಬಂಡವಾಳ ಕಳಿಸಿದ್ದರೆ ಬ್ಯಾಂಕಿನ ಮೂಲಕ ರಿಸರ್ವ್ ಬ್ಯಾಂಕಿಗೆ ವರದಿ ಹೋಗಿದೆಯೇ ಎಂದು ವಿಚಾರಿಸಿ. ಹಿಂದಿನ ವರ್ಷದ ರಿಟರ್ನ್ ತಿದ್ದಲು ಅವಧಿ ಉಳಿದಿದ್ದರೆ ಈ ವಾರವೇ ನಿಮ್ಮ ಲೆಕ್ಕಪರಿಶೋಧಕರ ಬಳಿ ಹೋಗಿ. ಹೋಗುವಾಗ ಪಾಸ್‌ಪೋರ್ಟ್ ಮತ್ತು ದುಬೈ ಖಾತೆಯ ಸ್ಟೇಟ್‌ಮೆಂಟ್ ಜೊತೆಗಿರಲಿ. ಕಂಪನಿಯನ್ನು ಉಳಿಸಿಕೊಳ್ಳಬೇಕೋ ಮುಚ್ಚಬೇಕೋ ಎಂಬುದನ್ನು ಆಮೇಲೆ ತೀರ್ಮಾನಿಸಬಹುದು.