ಚುಚ್ಚುತ್ತೆ ಅಂತ ಲೋಪಿ ಬಿಟ್ಟು ಬರಬೇಡಿ

ಐಸ್‌ಲ್ಯಾಂಡ್‌ನ ಲೋಪಿ ಉಲ್ಲನ್ ಚುಚ್ಚುತ್ತೆ, ನೆನಪಿಗೆ ಒಂದು ಉಂಡೆ ತಗೊಂಡ್ರೆ ಸಾಕು ಅಂತ ಬರ್ದಿದೀರಲ್ಲ, ಇದನ್ನ ನಾನು ಒಪ್ಪಲ್ಲ. ಅಲ್ಲಿನ ಕುರಿಗೆ ಎರಡು ಪದರ ಉಣ್ಣೆ, ಹೊರಗಿನ ಉದ್ದನೇ ಒರಟು ಕೂದಲು ನೀರು ತಡೆಯುತ್ತೆ, ಒಳಗಿನ ಮೆತ್ತನೇದು ಬೆಚ್ಚಗಿಡುತ್ತೆ, ಎರಡೂ ಸೇರಿರೋದಕ್ಕೇ ಆ ದಾರ ಅಷ್ಟು ಹಗುರ. ನಾನು ಅಲ್ಲಿನ ರಾಜಧಾನಿ ರೇಕ್ಯಾವಿಕ್‌ನಲ್ಲಿ ಲೆಟ್‌ಲೋಪಿ ಅನ್ನೋ ತೆಳು ಲೋಪಿ ದಾರ ತಗೊಂಡು (50 ಗ್ರಾಂ ಉಂಡೇಲಿ 100 ಮೀಟರ್ ಬರುತ್ತೆ) ಬಸ್ಸಲ್ಲೇ ಹೆಣೆಯೋಕೆ ಶುರು ಮಾಡ್ದೆ, ಪಕ್ಕದ ಅಜ್ಜಿ ಒಬ್ರು ಭಾಷೆ ಬರದಿದ್ರೂ ನನ್ನ ಕೈ ಹಿಡಿದು, ಎರಡು ಬಣ್ಣದಲ್ಲಿ ಹೆಣೆಯುವಾಗ ಎರಡನೇ ಬಣ್ಣದ ಎಳೆ ಹಿಂದುಗಡೆ ಹೇಗೆ ಸಡಿಲ ಬಿಡಬೇಕು ಅಂತ ತೋರಿಸಿದ್ರು. ಹೆಣೆದಿದ್ದು ಒಗೆದ ಮೇಲೆ ಎಷ್ಟೋ ಮೆತ್ತಗಾಯ್ತು. ದಯವಿಟ್ಟು ಒಂದು ಸ್ವೆಟರ್‌ಗೆ ಆಗೋಷ್ಟು, ಒಂದೇ ಲಾಟ್ ನಂಬರ್ (ಒಟ್ಟಿಗೆ ಬಣ್ಣ ಹಾಕಿದ ಉಂಡೆಗಳ ಗುರುತು) ನೋಡಿ ತಗೊಳ್ಳಿ, ಊರಿಗೆ ಬಂದ್ಮೇಲೆ ಅದೇ ಬಣ್ಣ ಹುಡುಕೋದು ಬಹಳ ಕಷ್ಟ.