ಉದ್ದವೊಂದನ್ನೇ ಹೇಳಬೇಡಿ

ನಿನ್ನೆ ಸಂಜೆ ತಂಗಿಯನ್ನು ಗಾಡಿ ಹತ್ತಿಸಲು ಹುಬ್ಬಳ್ಳಿ ಸ್ಟೇಷನ್ನಿಗೆ ಹೋಗಿದ್ದೆ. ಪಕ್ಕದ ಬೆಂಚಿನಲ್ಲಿದ್ದ ಪುಟ್ಟ ಹುಡುಗಿ ಅಪ್ಪನನ್ನು ಕೇಳಿದಳು, "ಅಪ್ಪಾ, ಈ ಪ್ಲಾಟ್‌ಫಾರ್ಮ್ ಯಾಕ ಇಷ್ಟ ಉದ್ದ ಮಾಡ್ಯಾರ?" ಅವರು ಫೋನಿನಿಂದ ತಲೆ ಎತ್ತಲಿಲ್ಲ. "ರೆಕಾರ್ಡ್ ಮಾಡಾಕ, ಯವ್ವಾ" ಅಂದರು. ಅಷ್ಟೇ. ಹುಡುಗಿ ಸುಮ್ಮನಾದಳು. ನನಗೆ ರಾತ್ರಿಯೆಲ್ಲ ಆ ಉತ್ತರವೇ ತಲೆಯಲ್ಲಿ ಕೊರೆಯುತ್ತಿತ್ತು.

ಪ್ಲಾಟ್‌ಫಾರ್ಮಿನ ಉದ್ದ 1507 ಮೀಟರ್, ಜಗತ್ತಿನಲ್ಲೇ ಅತಿ ಉದ್ದ ಅನ್ನುವ ರೆಕಾರ್ಡ್ ಇದರದು. 2023ರ ಮಾರ್ಚ್ 12ರಂದು ಪ್ರಧಾನಿ ಉದ್ಘಾಟಿಸಿದರು. ಅಂದಿನಿಂದ ಹುಬ್ಬಳ್ಳಿ ಸ್ಟೇಷನ್ ಅಂದರೆ ಎಲ್ಲರ ಬಾಯಲ್ಲೂ ಇದೊಂದೇ ಮಾತು. ಊರಿಗೆ ಬಂದ ನೆಂಟರನ್ನು ಕರೆದುಕೊಂಡು ಹೋಗಿ ನಿಲ್ಲಿಸುತ್ತೇವೆ, ಫೋಟೋ ತೆಗೆಯುತ್ತೇವೆ, ವಾಪಸ್ ಬರುತ್ತೇವೆ. ಯಾಕೆ ಅಷ್ಟು ಉದ್ದ ಬೇಕಾಯಿತು ಅಂತ ಹೇಳುವವರೂ ಕಡಿಮೆ. ಒಂದೇ ಪ್ಲಾಟ್‌ಫಾರ್ಮಿನಲ್ಲಿ ಎರಡು ಗಾಡಿ ನಿಂತು, ಒಂದು ಆ ಕಡೆಗೆ, ಒಂದು ಈ ಕಡೆಗೆ ಹೊರಡಬಹುದು. ಬೆಂಗಳೂರು, ಗದಗ, ಲೋಂಡಾ, ಮೂರೂ ದಿಕ್ಕಿನ ದಾರಿ ಕೂಡುವ ಜಂಕ್ಷನ್ನಿಗೆ ಅದು ಬೇಕೇ ಬೇಕು. ಆ ಮಗುವಿಗೆ ಇಷ್ಟಾದರೂ ಹೇಳಬಹುದಿತ್ತು, ಅಲ್ವಾ?

ನನ್ನ ಸಂಕಟ ಅದಕ್ಕಿಂತ ದೊಡ್ಡದು. ಈ ಸ್ಟೇಷನ್ ಕಂಡ ಏಳುಬೀಳು ನಮ್ಮ ಬಾಯಲ್ಲಿ ಬರುವುದೇ ಇಲ್ಲ. 1876ರಿಂದ 78ರವರೆಗೆ ಈ ಸೀಮೆಯನ್ನು ಬರಗಾಲ ಹಿಂಡಿ ಹಾಕಿತು. ಕಾಳು ಸಾಗಿಸಲು ದಾರಿಯೇ ಇರಲಿಲ್ಲ. ಆ ಪೆಟ್ಟು ತಿಂದ ಮೇಲೆ ಇಲ್ಲಿ ರೈಲು ಬೇಕು ಅಂತ ಸರ್ಕಾರಕ್ಕೆ ಅನ್ನಿಸಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1885ರಲ್ಲಿ ಹುಬ್ಬಳ್ಳಿಗೆ ವರ್ಕ್‌ಶಾಪ್ ಬಂತು. ಲೋಂಡಾ, ಕ್ಯಾಸಲ್‌ರಾಕ್ ದಾಟಿ ಗೋವಾದ ಬಂದರಿನವರೆಗೆ ಹಳಿ ಕೂಡಿತು, ನಮ್ಮ ಹತ್ತಿ ಆ ದಾರಿಯಲ್ಲಿ ಸಮುದ್ರಕ್ಕೆ ಹೋಯಿತು.

ಆ ಕಂಪನಿಯ ಮುಖ್ಯ ಕಚೇರಿ ಎಲ್ಲಿತ್ತು ಗೊತ್ತಾ? ಧಾರವಾಡದಲ್ಲಿ. ಈಗ ಕರ್ನಾಟಕ ಕಾಲೇಜು ಇರುವ ಕಟ್ಟಡವೇ ಅದು. ಅಲ್ಲಿ ಓದಿದ ನನ್ನ ಗೆಳೆಯರಲ್ಲೇ ಎಷ್ಟೋ ಜನರಿಗೆ ಇದು ಗೊತ್ತಿಲ್ಲ. 1908ರಲ್ಲಿ ಮದ್ರಾಸ್ ರೈಲ್ವೆ ಜೊತೆ ವಿಲೀನವಾಯಿತು, ಅಧಿಕಾರ ಮದ್ರಾಸಿಗೆ ಹೋಯಿತು. 1951ರಲ್ಲಿ ದಕ್ಷಿಣ ರೈಲ್ವೆ ಆಯಿತು, ಅದೂ ಮದ್ರಾಸೇ. 1966ರಲ್ಲಿ ಹುಬ್ಬಳ್ಳಿ ವಿಭಾಗವನ್ನು ದಕ್ಷಿಣ ಮಧ್ಯ ರೈಲ್ವೆಗೆ ಸೇರಿಸಿದರು, ಅಧಿಕಾರ ಸಿಕಂದರಾಬಾದಿಗೆ ಹೋಯಿತು.

ನಮ್ಮಪ್ಪ ವರ್ಕ್‌ಶಾಪಿನಲ್ಲಿ ಇದ್ದದ್ದು ನಿಮಗೆಲ್ಲ ಗೊತ್ತು. ನಮ್ಮ ಮನೆಯ ಗಡಿಯಾರ ಅಂದರೆ ವರ್ಕ್‌ಶಾಪಿನ ಭೋಂಗಾ. ಅದು ಕೂಗಿದರೆ ಅವ್ವ ರೊಟ್ಟಿ ತಟ್ಟುವುದನ್ನು ಜೋರು ಮಾಡುತ್ತಿದ್ದಳು. ಚಿಕ್ಕಂದಿನಲ್ಲಿ ನಾನು ಜಾಸ್ತಿ ಕೇಳಿದ ಊರಿನ ಹೆಸರು ಸಿಕಂದರಾಬಾದ್. ಬಡ್ತಿ ಯಾವಾಗ ಅಂದರೆ "ಸಿಕಂದರಾಬಾದಿನಿಂದ ಆರ್ಡರ್ ಬರಬೇಕು." ಕ್ವಾರ್ಟರ್ಸ್ ಯಾವಾಗ ಅಂದರೂ ಅದೇ ಮಾತು. ಆ ಊರನ್ನು ಅಪ್ಪ ಪ್ರೀತಿಯಿಂದ ಕರೆದದ್ದು ನಾನಂತೂ ಕೇಳಿಲ್ಲ.

ಆಗ ಇಲ್ಲಿ ಮೀಟರ್ ಗೇಜ್, ಅಂದರೆ ಸಣ್ಣ ಹಳಿ. ಮುಂಬೈಯ ಕಾಕಾನ ಮನೆಯಿಂದ ಬರುವಾಗ ದೊಡ್ಡ ಹಳಿ ಮಿರಜಿಗೇ ಮುಗಿಯುತ್ತಿತ್ತು. ನಿದ್ದೆಗಣ್ಣಲ್ಲಿ ಇಳಿಯಬೇಕು. ಅಪ್ಪನ ಹೆಗಲ ಮೇಲೆ ಹೋಲ್ಡಾಲ್, ಅಣ್ಣನ ಕೈಯಲ್ಲಿ ಟ್ರಂಕಿನ ಒಂದು ಹಿಡಿಕೆ, ನನ್ನ ಕೈಯಲ್ಲಿ ಫಿರಕಿ ತಂಬಿಗೆ. ಓಡಿ ಹೋಗಿ ಸಣ್ಣ ಗಾಡಿಯ ಡಬ್ಬಿಯಲ್ಲಿ ಜಾಗ ಹಿಡಿಯಬೇಕು. ಅವ್ವ ಎಲ್ಲರ ತಲೆ ಎಣಿಸಿದ ಮೇಲೆಯೇ ಕೂರುತ್ತಿದ್ದಳು. 90ರ ದಶಕದಲ್ಲಿ ಇಲ್ಲಿಗೂ ದೊಡ್ಡ ಹಳಿ, ಅಂದರೆ ಬ್ರಾಡ್ ಗೇಜ್ ಬಂದು ಆ ಓಟ ನಿಂತಿತು. ಅದು ನಿಂತದ್ದಕ್ಕೆ ನನಗೆ ಒಂದಿಷ್ಟೂ ಬೇಜಾರಿಲ್ಲ. ಹಳೆಯದೆಲ್ಲ ಚೆನ್ನಾಗಿತ್ತು ಅನ್ನುವವನು ನಾನಲ್ಲ.

ಆಮೇಲೆ ನೈಋತ್ಯ ರೈಲ್ವೆ ಅನ್ನುವ ಹೊಸ ರೈಲ್ವೆ ವಲಯದ ಮಾತು ಬಂತು. ಮೊದಲು ಅದರ ಕೇಂದ್ರ ಕಚೇರಿ ಬೆಂಗಳೂರಿಗೆ ಅಂತ ಆಗಿತ್ತು. ಈ ಭಾಗದ ಜನ ಬೀದಿಗಿಳಿದರು. 2003ರ ಏಪ್ರಿಲ್ 1ರಂದು ವಲಯ ಶುರುವಾದಾಗ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿತ್ತು. 1908ರಲ್ಲಿ ಕೈತಪ್ಪಿದ್ದು ತೊಂಬತ್ತೈದು ವರ್ಷಗಳ ಮೇಲೆ ಮನೆಗೆ ಬಂತು. ಇದನ್ನು ಬರೆಯುವಾಗ ಈಗಲೂ ಎದೆ ತುಂಬುತ್ತದೆ. ಇದು ಜನ ಗಳಿಸಿದ್ದು. ಇದನ್ನು ಬಿಟ್ಟು ಮೀಟರ್ ಲೆಕ್ಕ ಹೇಳಿಕೊಂಡು ಕೂತರೆ ಹೇಗೆ?

"ರೆಕಾರ್ಡಿನಿಂದ ಊರಿಗೆ ಹೆಸರು ಬಂತಲ್ಲ, ನಿಂದೇನು ತಕರಾರು?" ಅಂತ ತಮ್ಮ ಕೇಳುತ್ತಾನೆ. ಹೆಸರು ಬಂತು, ಒಪ್ಪಿದೆ. ಆದರೆ ಮೊದಲು ಈ ಹೆಸರು ಖರಗ್‌ಪುರದ್ದಾಗಿತ್ತು. ಆಮೇಲೆ 1366 ಮೀಟರಿನ ಗೋರಖ್‌ಪುರದ್ದಾಯಿತು. ಈಗ ನಮ್ಮದು. ನಾಳೆ ಇನ್ಯಾರೋ ಇನ್ನೊಂದಿಷ್ಟು ಕಾಂಕ್ರೀಟ್ ಹಾಕಿದರೆ ಅದೂ ಹೋಯಿತು. ಬರಗಾಲದಿಂದ ಎದ್ದು, ಮದ್ರಾಸಿಗೂ ಸಿಕಂದರಾಬಾದಿಗೂ ಕೈಚಾಚಿ, ಕೊನೆಗೆ ತನ್ನ ವಲಯವನ್ನು ತಾನೇ ಪಡೆದ ಊರಿನ ಕಥೆಯನ್ನು ಯಾರು ತಾನೆ ಮೀರಿಸುತ್ತಾರೆ?

2020ರಲ್ಲಿ ಸ್ಟೇಷನ್ನಿಗೆ ಸಿದ್ಧಾರೂಢ ಅಜ್ಜನ ಹೆಸರು ಬಂತು, ಖುಷಿಯಾಯಿತು. ಅದೇ ವರ್ಷ ಗದಗ ರಸ್ತೆ ಕಡೆ ರೈಲು ಮ್ಯೂಸಿಯಂ ಕೂಡ ತೆರೆಯಿತು. ಮಲಪ್ರಭಾ, ಘಟಪ್ರಭಾ ಅಂತ ಎರಡು ಹಳೇ ರೈಲ್ವೆ ಮನೆಗಳನ್ನು ಎಷ್ಟು ಚಂದ ಉಳಿಸಿದ್ದಾರೆ ಗೊತ್ತಾ? ನೆಂಟರು ಬಂದರೆ ಪ್ಲಾಟ್‌ಫಾರ್ಮ್ ತೋರಿಸಿ, ಬೇಡ ಅನ್ನುವುದಿಲ್ಲ. ಹಾಗೇ ಮ್ಯೂಸಿಯಂಗೂ ಕರೆದುಕೊಂಡು ಹೋಗಿ. ಧಾರವಾಡಕ್ಕೆ ಹೋದರೆ ಆ ಕಾಲೇಜಿನ ಮುಂದೆ ನಿಂತು ಮಕ್ಕಳಿಗೆ ಎರಡು ಮಾತು ಹೇಳಿ.

ಇನ್ನೊಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲಿ ವರ್ಕ್‌ಶಾಪಿನವರು, ಗಾರ್ಡು, ಡ್ರೈವರು, ಗ್ಯಾಂಗ್‌ಮನ್ ಯಾರೇ ಇದ್ದರೂ ಕೂರಿಸಿ ಮಾತಾಡಿಸಿ. ಹಳೇ ಫೋಟೋ, ಪಾಸು, ಬಿಲ್ಲೆ ಏನೇ ಸಿಕ್ಕರೂ ಇದರ ಕೆಳಗೆ ಹಾಕಿ. ಅಪ್ಪನ ಡಬ್ಬದಲ್ಲಿ ಏನೇನಿದೆ ಅಂತ ನಾನೂ ಈ ವಾರ ತೆಗೆದು ನೋಡುತ್ತೇನೆ.