ಎಷ್ಟಾಯ್ತು ಮಾರಾಯ?

ಹೋದ ಡಿಸೆಂಬರಿನಲ್ಲಿ ಒಂದು ದಿನ ನಡುರಾತ್ರಿ ಒಂದು ಗಂಟೆಗೆ ಅಪ್ಪನ ಫೋನ್ ಬಂತು. ನಾನಿರುವುದು ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ, ಅಲ್ಲಿ ಒಂದು ಗಂಟೆ ಅಂದರೆ ಉಡುಪಿಯಲ್ಲಿ ರಾತ್ರಿ ಎಂಟು. ಆ ಹೊತ್ತಿಗೆ ಊರಿನ ಫೋನ್ ಅಂದರೆ ಎದೆ ಧಸಕ್ ಅನ್ನುತ್ತದೆ, ಹೊರಗಿರುವವರಿಗೆಲ್ಲ ಇದು ಗೊತ್ತು. ಎತ್ತಿದರೆ ಆ ಕಡೆ ಮೈಕ್ ಗದ್ದಲ, ಸೀಟಿ, ಜನರ ಬೊಬ್ಬೆ. ಅಪ್ಪ ಕೇಳಿದ್ದು ಒಂದೇ ಮಾತು: "ನೀನು ಯೂಟ್ಯೂಬಲ್ಲಿ ನೋಡ್ತಾ ಇದ್ದಿಯಲ್ಲ, ಎಷ್ಟಾಯ್ತು ಮಾರಾಯ?"

ಅಪ್ಪ ಕೂತಿದ್ದದ್ದು ನಮ್ಮೂರ ಶಾಲೆ ಮೈದಾನದಲ್ಲಿ, ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟದಲ್ಲಿ, ಮೂರನೇ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಚೆಂಡು ಅವರಿಂದ ಇಪ್ಪತ್ತು ಅಡಿ ದೂರದಲ್ಲಿ ಹಾರುತ್ತಿತ್ತು. ಸ್ಕೋರ್ ಮಾತ್ರ ಸಮುದ್ರ ದಾಟಿ ಅಡಿಲೇಡಿಗೆ ಬಂದು ನನ್ನ ಫೋನಿನಿಂದ ವಾಪಸ್ ಹೋಗಬೇಕಾಯಿತು. ನಾನು 17-15 ಅಂದೆ. ಅದೂ ತಪ್ಪೇ, ಯಾಕೆಂದರೆ ಲೈವ್ ಅನ್ನುವುದು ಅರ್ಧ ನಿಮಿಷ ಹಿಂದೆ ಓಡುತ್ತದೆ.

ಮೈದಾನದಲ್ಲಿ ಸ್ಕೋರ್‌ಬೋರ್ಡ್ ಇರಲಿಲ್ಲವಾ ಅಂದರೆ ಇತ್ತು. ಬಾಡಿಗೆಗೆ ತಂದ ದೊಡ್ಡ ಎಲ್‌ಇಡಿ ಪರದೆ. ಅದನ್ನು ವೇದಿಕೆಯ ಹಿಂದೆ ಕಟ್ಟಿದ್ದರು. ಅದರಲ್ಲಿ ಹೆಚ್ಚಿನ ಹೊತ್ತು ಬರುತ್ತಿದ್ದದ್ದು ದಾನಿಗಳ ಫೋಟೋ, ಕೈಮುಗಿದವರು, ಕೂಲಿಂಗ್ ಗ್ಲಾಸ್ ಹಾಕಿದವರು. ನಡುವೆ ಸ್ವಲ್ಪ ಹೊತ್ತು ಸ್ಕೋರ್ ಬಂದು ಹೋಗುತ್ತಿತ್ತು. ಆಗ ನೀವು ಚೆಂಡು ನೋಡುತ್ತಿದ್ದರೆ ಮುಗೀತು, ಮತ್ತೆ ಆ ಫೋಟೋಗಳೆಲ್ಲ ಒಂದು ಸುತ್ತು ಆಗುವವರೆಗೆ ಕಾಯಬೇಕು.

ಅದೇ ಮೈದಾನದಲ್ಲಿ ನಾನು ಬೋರ್ಡ್ ತಿರುಗಿಸಿದವ. ಆರನೇ ಕ್ಲಾಸಿನಿಂದ ಎಂಟನೇ ಕ್ಲಾಸಿನವರೆಗೆ ಅದು ನನ್ನ ಕೆಲಸ. ಟೀಮಿನಲ್ಲಿ ಜಾಗ ಸಿಗದವನಿಗೆ ಕೊಡುವ ಕೆಲಸ ಅದು, ಸುಳ್ಳು ಯಾಕೆ. ಒಂದು ಪ್ಲೈವುಡ್ ಹಲಗೆ, ಮೇಲೆ ನಾಲ್ಕು ಜೋಡಿ ಕಬ್ಬಿಣದ ಬಳೆ, ಪ್ರತಿ ಜೋಡಿಯಲ್ಲಿ ರಟ್ಟಿನ ಕಾರ್ಡುಗಳು. ರಟ್ಟಿಗೆ ಹಳೇ ಕ್ಯಾಲೆಂಡರಿನ ಹಾಳೆ ತಿರುಗಿಸಿ ಅಂಟಿಸಿದ್ದರು, ಬಿಳಿ ಬದಿ ಹೊರಗೆ. ಬಿಸಿಲಿಗೆ ಹಿಡಿದರೆ 4ರ ಹಿಂದೆ ಲಕ್ಷ್ಮಿಯ ಕಮಲ ಕಾಣುತ್ತಿತ್ತು. ಎಡಕ್ಕೆ ಎರಡು ಕಟ್ಟು, ಬಲಕ್ಕೆ ಎರಡು ಕಟ್ಟು. ಬಿಡಿ ಸ್ಥಾನಕ್ಕೆ ಸೊನ್ನೆಯಿಂದ ಒಂಬತ್ತು, ಹತ್ತರ ಸ್ಥಾನಕ್ಕೆ ಸೊನ್ನೆಯಿಂದ ಮೂರು ಮಾತ್ರ, ವಾಲಿಬಾಲಿಗೆ ಅಷ್ಟು ಧಾರಾಳ ಸಾಕು. ಅದೇ ಬೋರ್ಡನ್ನು ಕಬಡ್ಡಿಗೆ ತಂದಾಗ ಫಜೀತಿ. ಒಂದು ಟೀಮು 39 ದಾಟಿ 41 ಆಯಿತು, 4ರ ಕಾರ್ಡೇ ಇಲ್ಲ. ನಾನು ಹತ್ತರ ಸ್ಥಾನ ಖಾಲಿ ಬಿಟ್ಟು ಬರೀ 1 ತೋರಿಸಿದೆ. ಕೆಳಗಿನಿಂದ ಒಬ್ಬರು "ಎಂತದು ಮಾರಾಯ, ಶುರುವಿನಿಂದ ಆಡ್ತಾ ಇದ್ದಾರಾ?" ಅಂದರು. ಎಷ್ಟೋ ವರ್ಷ ನಾಚಿಕೆಯಾಗುತ್ತಿತ್ತು. ಆಮೇಲೆ ಗೊತ್ತಾಯಿತು, 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ 14 ವರ್ಷದ ನಾಡಿಯಾ ಕೊಮನೆಚಿ ಜಿಮ್ನಾಸ್ಟಿಕ್ಸ್‌ನಲ್ಲಿ ಹತ್ತಕ್ಕೆ ಹತ್ತು ತೆಗೆದಾಗ ಅಲ್ಲಿನ ಎಲೆಕ್ಟ್ರಾನಿಕ್ ಬೋರ್ಡ್ 1.00 ಅಂತ ತೋರಿಸಿತಂತೆ, ಹತ್ತು ಬರೆಯಲು ಅದರಲ್ಲಿ ಜಾಗವೇ ಇರಲಿಲ್ಲ. ಒಲಿಂಪಿಕ್ಸ್‌ನವರಿಗೇ ಹಾಗಾದರೆ ನಮ್ಮ ಕ್ಯಾಲೆಂಡರ್ ರಟ್ಟು ಯಾವ ಲೆಕ್ಕ ಅಂತ ಸಮಾಧಾನ ಮಾಡಿಕೊಂಡೆ.

ದೊಡ್ಡ ತಪ್ಪು ಆದದ್ದು ಬೇರೆ. ವಾಲಿಬಾಲಿನಲ್ಲಿ ಕೊನೆಯ ಸೆಟ್ 15ಕ್ಕೆ, ಅದರಲ್ಲಿ ಒಂದು ಟೀಮು 8 ಮಾಡಿದ ಕೂಡಲೇ ಎರಡೂ ಟೀಮು ಅಂಕಣ ಬದಲಾಯಿಸುತ್ತವೆ. ಆಗ ಬೋರ್ಡಿನಲ್ಲಿಯೂ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋಗಬೇಕು, ಹೆಸರು ಸಮೇತ. ಒಂದು ಫೈನಲ್. 8-5. ಟೀಮುಗಳು ಬದಲಾದವು. ನಾನು ಸೋಡಾ ಕುಡಿಯುತ್ತಿದ್ದೆ. ಬೋರ್ಡ್ ಹಾಗೇ ಇತ್ತು. ಮುಂದಿನ ಮೂರು ಪಾಯಿಂಟ್ ಹಿಂದೆ ಇದ್ದವರದು, ನಾನು ಪ್ರಾಮಾಣಿಕವಾಗಿಯೇ ತಿರುಗಿಸಿದೆ, ತಪ್ಪು ಬದಿಗೆ. ಹಿಂದೆ ಇದ್ದವರು ಬೋರ್ಡಿನಲ್ಲಿ 11-5 ಆದರು, ಬೋರ್ಡ್ ನೋಡಿ ಕುಣಿದರು, ಮುಂದೆ ಇದ್ದವರ ಕಡೆಯವರು ಅಂಕಣದೊಳಗೆ ನುಗ್ಗಿದರು. ಸ್ಕೋರ್ ಶೀಟ್ ಸರಿ ಇತ್ತು, ಅದರಲ್ಲಿ 8-8. ಆದರೆ ಶೀಟ್ ಯಾರು ನೋಡುತ್ತಾರೆ? ಜನ ನಂಬಿದ್ದು ಹಲಗೆಯನ್ನು. ನನ್ನ ಕಿವಿ ಹಿಂಡಿದವರು ಒಬ್ಬರಲ್ಲ. ಒಬ್ಬರೂ "ಈ ಹುಡುಗನ ಪಕ್ಕ ಸ್ಕೋರರ್ ಯಾಕೆ ಕೂತಿಲ್ಲ" ಅಂತ ಮಾತ್ರ ಕೇಳಲಿಲ್ಲ. ಸ್ಕೋರರ್ ಕೂತಿದ್ದದ್ದು ವೇದಿಕೆಯ ಮೇಲೆ ಫ್ಯಾನಿನ ಕೆಳಗೆ, ನಾನು ಅಂಕಣದ ಆಚೆ ಬಿಸಿಲಲ್ಲಿ.

ಅಡಿಲೇಡಿಗೆ ಹೋದ ಹೊಸತರಲ್ಲಿ ನಾನು ಮೊದಲು ನೋಡಲು ಹೋದದ್ದು ಅಲ್ಲಿನ ಓವಲ್ ಮೈದಾನದ ಸ್ಕೋರ್‌ಬೋರ್ಡನ್ನು. ಹೆಂಡತಿಗೆ ಇವತ್ತಿಗೂ ನಗು. ಕಟ್ಟಿದ್ದು 1911ರಲ್ಲಿ. ನಾಲ್ಕು ಮಹಡಿಯ ಮನೆಯ ಹಾಗೆ ಉಂಟು, ಉತ್ತರದ ತುದಿಯಲ್ಲಿ, ಹುಲ್ಲಿನ ದಿಬ್ಬದ ಹಿಂದೆ. ಇವತ್ತಿಗೂ ಒಳಗೆ ಮನುಷ್ಯರೇ ನಿಂತು ಅಂಕಿ ಬದಲಾಯಿಸುತ್ತಾರೆ: ಎರಡೂ ತಂಡದ ಹೆಸರುಗಳು, ಬ್ಯಾಟ್ಸ್‌ಮನ್‌ಗಳ ರನ್, ಬೌಲರ್‌ಗಳ ಲೆಕ್ಕ, ಇತರೆ ರನ್, ಒಟ್ಟು. ಒಂದು ಸಲ ಕಣ್ಣಾಡಿಸಿದರೆ ಇಡೀ ಪಂದ್ಯದ ಕಥೆ ಸಿಗುತ್ತದೆ. 2012ರಿಂದ 2014ರವರೆಗೆ ಆ ಮೈದಾನವನ್ನು ಹೆಚ್ಚುಕಮ್ಮಿ ಪೂರ್ತಿ ಕೆಡವಿ ಕಟ್ಟಿದರು, ಬೋರ್ಡನ್ನು ಮುಟ್ಟಲಿಲ್ಲ. ಟೂರ್ ಟಿಕೆಟ್ ತೆಗೆದುಕೊಂಡರೆ ಒಳಗೆ ಕರೆದುಕೊಂಡು ಹೋಗುತ್ತಾರೆ. ನಾನು ಹೋಗಿದ್ದೆ. ಒಳಗೆ ನಿಂತು ನನಗೆ ಬಂದ ಯೋಚನೆ ಬಹಳ ಸಣ್ಣದು: ಇಲ್ಲಿ ನೆರಳುಂಟು.

2020ರ ಡಿಸೆಂಬರ್ 19ರಂದು ನಾನು ಅಲ್ಲೇ ಇದ್ದೆ. ಭಾರತ 36ಕ್ಕೆ ಮುಗಿದ ದಿನ. ಟೆಸ್ಟ್‌ನಲ್ಲಿ ನಮ್ಮ ಅತಿ ಕಡಿಮೆ ಮೊತ್ತ. ಹನ್ನೊಂದು ಜನರಲ್ಲಿ ಒಬ್ಬರೂ ಎರಡಂಕಿ ಮುಟ್ಟಲಿಲ್ಲ, ಎಲ್ಲರಿಗಿಂತ ಜಾಸ್ತಿ ಹೊಡೆದದ್ದು ನಮ್ಮ ಕರ್ನಾಟಕದ ಮಯಾಂಕ್ ಅಗರ್‌ವಾಲ್, 9. ಟಿವಿಯವರು ಬೇಕಾದರೆ ಜಾಹೀರಾತು ಹಾಕಿ ಕಣ್ಣು ತಪ್ಪಿಸಬಹುದು, ಆ ಹಲಗೆ ಮಾತ್ರ ನಮ್ಮನ್ನೇ ನೋಡುತ್ತಾ ನಿಂತಿತ್ತು. ಇನ್ನೊಂದು, ಆಸ್ಟ್ರೇಲಿಯಾದವರು ವಿಕೆಟ್ ಮೊದಲು, ರನ್ ಆಮೇಲೆ ಹೇಳುತ್ತಾರೆ. ನಮ್ಮ 36ಕ್ಕೆ 9 ಅವರ ಬಾಯಲ್ಲಿ 9ಕ್ಕೆ 36. ಮೊದಲ ವರ್ಷ ಆಫೀಸಿನಲ್ಲಿ ಯಾರೋ "3ಕ್ಕೆ 200" ಅಂದಾಗ ನಾನು ತಲೆ ಕೆರೆದುಕೊಂಡಿದ್ದೆ.

ಹಾಗಂತ ಅಲ್ಲಿ ಎಲ್ಲ ಸರಿ ಅಂತ ಅಲ್ಲ. ದಿಬ್ಬದ ಮೇಲೆ ಕೂತವರಿಗೆ ಆ ಬೋರ್ಡ್ ಬೆನ್ನ ಹಿಂದೆ, ಕುತ್ತಿಗೆ ತಿರುಗಿಸಬೇಕು, ಅದಕ್ಕೆ ಅವರು ಎದುರಿನ ದೊಡ್ಡ ಪರದೆಯನ್ನೇ ನೋಡುತ್ತಾರೆ. ನನ್ನ ಭಾವ ಬಾಸ್ಟನ್‌ನಲ್ಲಿದ್ದಾರೆ. ಅಲ್ಲಿನ ಫೆನ್‌ವೇ ಪಾರ್ಕ್ ಬೇಸ್‌ಬಾಲ್ ಮೈದಾನದ ಎಡಗಡೆಯ ಹಸಿರು ಗೋಡೆಯಲ್ಲಿಯೂ 1934ರಿಂದ ಕೈಯಿಂದ ಅಂಕಿ ಹಾಕುವ ಬೋರ್ಡ್ ಉಂಟು. ಗೋಡೆಯ ಒಳಗೆ ಕೂತು ಕೆಲಸ ಮಾಡುವವರಿಗೆ ಅಲ್ಲಿ ಒಂದು ಟಾಯ್ಲೆಟ್ ಕೂಡ ಇಲ್ಲವಂತೆ. ದುಡ್ಡಿರುವ ದೇಶದಲ್ಲಿಯೂ ಬೋರ್ಡಿನವನ ಗತಿ ಅಷ್ಟೇ ಅಂತ ಭಾವ ನಗುತ್ತಾರೆ.

ನನಗೆ ಹೆಚ್ಚು ಹಿಡಿಸಿದ್ದು ಆ ದೊಡ್ಡ ಬೋರ್ಡಲ್ಲ, ಶನಿವಾರದ ಕ್ಲಬ್ ಮೈದಾನಗಳದ್ದು. ಬೇಲಿ ಪಕ್ಕ ಒಂದು ಕಪ್ಪು ಹಲಗೆ, ಅದರಲ್ಲಿ ಮೊಳೆ, ಮೊಳೆಗೆ ತೂಗುಹಾಕುವ ತಗಡಿನ ಅಂಕಿ. ಅಂಕಿ ಬದಲಾಯಿಸುವುದು ಬ್ಯಾಟಿಂಗ್ ಮಾಡುವ ಟೀಮಿನವರೇ. ಔಟಾಗಿ ಬಂದವ ಪ್ಯಾಡ್ ಬಿಚ್ಚಿ, ನೀರು ಕುಡಿದು, ಬೋರ್ಡ್ ಹತ್ತಿರ ಹೋಗುತ್ತಾನೆ. ಕ್ಯಾಪ್ಟನ್ ಆದರೂ ಅಷ್ಟೇ. ಪಕ್ಕದಲ್ಲೇ ಸ್ಕೋರರ್ ಪುಸ್ತಕ ಹಿಡಿದು ಕೂತಿರುತ್ತಾರೆ, ಬೋರ್ಡ್ ತಪ್ಪಿದರೆ ಒಂದು ಕೂಗು. ಅಲ್ಲಿ ಬೋರ್ಡ್ ತಿರುಗಿಸುವುದು ಆಟದ ಭಾಗ. ನಮ್ಮಲ್ಲಿ ಅದು ಆಟದಿಂದ ಹೊರಗಿಟ್ಟವನ ಪಾಲು.

ನಮ್ಮ ಕರಾವಳಿಯಲ್ಲಿ ಬೋರ್ಡಿಗೆ ಯಾಕೆ ಬೆಲೆ ಬರಲಿಲ್ಲ ಅಂತ ತುಂಬಾ ಸಲ ಯೋಚಿಸಿದ್ದೇನೆ. ನನಗನಿಸುವುದು, ನಮಗೆ ಸ್ಕೋರ್ ಅಂದರೆ ಕಣ್ಣಿನದಲ್ಲ, ಕಿವಿಯದು. ಮಂಗಳೂರಿನ ನೆಹರೂ ಮೈದಾನದ ಕ್ರಿಕೆಟ್ ಇರಲಿ, ಗದ್ದೆಯಲ್ಲಿ ಕೈ ಕೆಳಗಿನಿಂದ ಚೆಂಡು ಎಸೆದು ಆಡುವ ಅಂಡರ್ ಆರ್ಮ್ ಇರಲಿ, ಮೈಕ್ ಹಿಡಿದವ ಒಬ್ಬ ಇದ್ದೇ ಇರುತ್ತಾನೆ. ಕನ್ನಡ, ತುಳು, ನಡುವೆ ಒಂದಿಷ್ಟು ಇಂಗ್ಲಿಷ್, ಯಕ್ಷಗಾನದ ಅರ್ಥ ಹೇಳಿದ ಹಾಗೆ ಎಳೆದು ಎಳೆದು ಹೇಳುತ್ತಾನೆ. ಚಂದ ಉಂಟು, ಅಡಿಲೇಡಿನಲ್ಲಿ ನನಗೆ ಅತಿ ಜಾಸ್ತಿ ನೆನಪಾಗುವುದೇ ಆ ಸ್ವರ. ಅಲ್ಲಿ ಮೈದಾನದಲ್ಲಿ ಅಷ್ಟು ಜನ ಇದ್ದರೂ ಒಮ್ಮೊಮ್ಮೆ ಮೌನಕ್ಕೆ ಬೇಜಾರಾಗುತ್ತದೆ. ಆದರೆ ಮೈಕಿನವನಿಗೆ ಸ್ಕೋರ್ ಹೇಳುವುದೊಂದೇ ಕೆಲಸವಾ? ಅತಿಥಿ ಬಂದರೆ ಸ್ವಾಗತ, ದಾನಿ ಬಂದರೆ ಧನ್ಯವಾದ, ಬಿಳಿ ಕಾರು ಅಡ್ಡ ನಿಲ್ಲಿಸಿದ್ದಾರೆ ತೆಗೆಯಿರಿ. "ಈ ಒಂದು ಸಿಕ್ಸರಿಗೆ ಐನೂರು ರೂಪಾಯಿ ಘೋಷಿಸಿದ್ದಾರೆ" ಅಂತ ಶುರು ಮಾಡಿ ಅವರ ಅಜ್ಜನ ಹೆಸರು ಮುಗಿಸುವಷ್ಟರಲ್ಲಿ ಒಂದು ವಿಕೆಟ್ ಬಿದ್ದಿರುತ್ತದೆ. ತಡವಾಗಿ ಬಂದವನಿಗೆ, ಕಿವಿ ಮಂದ ಆದವರಿಗೆ ದಿಕ್ಕೇ ಇಲ್ಲ. ನಮ್ಮಪ್ಪನಿಗೆ ಎಪ್ಪತ್ತೆಂಟು, ಎಡಗಿವಿ ಸರಿಯಾಗಿ ಕೇಳುವುದಿಲ್ಲ.

ಕಣ್ಣಿಗೆ ಕಾಣುವ ಲೆಕ್ಕ ನಮಗೆ ಗೊತ್ತೇ ಇರಲಿಲ್ಲ ಅಂತಲ್ಲ. ಕಂಬಳದ ಕನೆಹಲಗೆ ನೋಡಿ. ಕೋಣ ಓಡಿಸುವವ ನಿಲ್ಲುವ ಹಲಗೆಯಲ್ಲಿ ತೂತು, ಆ ತೂತಿನಿಂದ ಕೆಸರುನೀರು ಮೇಲಕ್ಕೆ ಚಿಮ್ಮಬೇಕು. ಕರೆಗೆ, ಅಂದರೆ ಕೋಣ ಓಡುವ ಕೆಸರಿನ ಹಾದಿಗೆ, ಅಡ್ಡವಾಗಿ ಮೇಲೆ ಬಟ್ಟೆ ಕಟ್ಟಿರುತ್ತಾರೆ, ಅದೇ ನಿಶಾನೆ. ಒಂದು ಆರೂವರೆ ಕೋಲು ಎತ್ತರದಲ್ಲಿ, ಇನ್ನೊಂದು ಏಳೂವರೆ ಕೋಲು, ಕೋಲು ಅಂದರೆ ಹಳೇ ಕಾಲದ ಅಳತೆ. ನೀರು ಬಟ್ಟೆಗೆ ಬಿತ್ತಾ ಇಲ್ಲವಾ, ಅಷ್ಟೇ. ಓದಲು ಬಾರದ ಅಜ್ಜಿಗೂ ಫಲಿತಾಂಶ ಗೊತ್ತಾಗುತ್ತದೆ, ಅಂಕಿ ಬೇಡ, ಕರೆಂಟ್ ಬೇಡ. ಓಟದ ವಿಭಾಗಗಳಿಗೆ ಈಗ ಲೇಸರ್ ಬಂದಿದೆ, ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ತೀರ್ಮಾನ. ಅದು ಬೇಕಾದದ್ದೇ, ನನ್ನ ತಕರಾರಿಲ್ಲ. ನೂರನೇ ಒಂದು ಭಾಗ ಮನುಷ್ಯನ ಕಣ್ಣಿಗೆ ಸಿಗುವುದಿಲ್ಲ. ಆದರೆ ವಾಲಿಬಾಲಿನಲ್ಲಿ 17 ಅಂದರೆ 17, ಅದಕ್ಕೆ ಲೇಸರ್ ಯಾಕೆ?

ಓಟದ ಕೂಟಗಳಲ್ಲಿಯೂ ಹಾಗೇ. ಉಡುಪಿಯ ಅಜ್ಜರಕಾಡು ಟ್ರ್ಯಾಕ್ 400 ಮೀಟರಿನದು, 5000 ಮೀಟರ್ ಅಂದರೆ ಹನ್ನೆರಡೂವರೆ ಸುತ್ತು. ಇನ್ನೆಷ್ಟು ಸುತ್ತು ಬಾಕಿ ಅಂತ ಒಬ್ಬರು ಕಾರ್ಡ್ ತಿರುಗಿಸುತ್ತಾರೆ, ಕೊನೆಯ ಸುತ್ತಿಗೆ ಗಂಟೆ. ಕಾಲು ಸೋತವನಿಗೆ ಆ ಕಾರ್ಡೇ ದೇವರು. ಒಂದು ಸುತ್ತು ತಪ್ಪಿ ಜಾಸ್ತಿ ಓಡಿ ಬಂದು, ಬಿದ್ದು, ಬೈದ ಹುಡುಗನನ್ನು ನಾನೇ ನೋಡಿದ್ದೇನೆ. ಬೈದದ್ದು ತುಳುವಿನಲ್ಲಿ, ಇಲ್ಲಿ ಬರೆಯಲಾಗುವುದಿಲ್ಲ.

ಎಲ್‌ಇಡಿ ಬೇಡವೇ ಬೇಡ ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ. ರಾತ್ರಿ ಅದರಷ್ಟು ಚಂದ ಯಾವುದೂ ಕಾಣುವುದಿಲ್ಲ. ರಟ್ಟಿನ ಬೋರ್ಡಿಗೆ ಟ್ಯೂಬ್‌ಲೈಟ್ ಕಟ್ಟಬೇಕು, ಟ್ಯೂಬ್‌ಲೈಟಿಗೆ ಹಾತೆ ಬರುತ್ತದೆ, ಹಾತೆ ಬೋರ್ಡಿನವನ ಅಂಗಿಯೊಳಗೆ ಹೋಗುತ್ತದೆ. ಆದರೆ ಸಂಜೆ ನಾಲ್ಕರಿಂದ ಆರರವರೆಗೆ ಕಡಲ ಕಡೆಯಿಂದ ಓರೆ ಬಿಸಿಲು ನೇರ ಪರದೆಗೆ ಹೊಡೆಯುವಾಗ ಬಾಡಿಗೆ ಪರದೆ ಕಪ್ಪು ಗೋಡೆ. ಜನರೇಟರ್ ಕೈಕೊಟ್ಟರೆ ಅದೂ ಇಲ್ಲ. ಬಾಡಿಗೆ ಕೊಟ್ಟವ ಫೋನ್ ಎತ್ತುವುದಿಲ್ಲ. ಪರದೆ ಇರಲಿ, ಫೋಟೋ ಹಾಕಿಕೊಳ್ಳಿ, ನನಗೆ ಹೊಟ್ಟೆಕಿಚ್ಚಿಲ್ಲ. ಪಕ್ಕದಲ್ಲಿ ಒಂದು ಕೈಬೋರ್ಡ್ ಇಡಿ. ಅದರ ಮುಖ ಅತಿಥಿಗಳ ಕಡೆಗಲ್ಲ, ಜನರ ಕಡೆಗೆ ಇರಲಿ. ಅದರ ಪಕ್ಕ ಸ್ಕೋರರ್ ಕೂರಲಿ. ಅಷ್ಟೇ ನಾನು ಕೇಳುವುದು.

ಏಪ್ರಿಲ್‌ನಲ್ಲಿ ರಜೆಗೆ ಬಂದಾಗ ಇದನ್ನೇ ಸಮಿತಿಯವರ ಹತ್ತಿರ ಹೇಳಿದೆ. ಆಸ್ಟ್ರೇಲಿಯಾದಿಂದ ಬಂದವ ಪರದೆ ದಾನ ಮಾಡುತ್ತಾನೆ ಅಂತ ಅಂದುಕೊಂಡಿದ್ದರೋ ಏನೋ, ಪ್ಲೈವುಡ್ ಅಂದ ಕೂಡಲೇ ಮುಖ ಸಪ್ಪೆಯಾಯಿತು. "ಬೋರ್ಡ್ ಮಾಡಬಹುದು ಮಾರ್ರೆ, ತಿರುಗಿಸ್ಲಿಕ್ಕೆ ಜನ ಎಲ್ಲುಂಟು?" ಅಂದರು ಒಬ್ಬರು. ಸೋತ ಟೀಮಿನಿಂದ ಇಬ್ಬರು ಮುಂದಿನ ಪಂದ್ಯಕ್ಕೆ ನಿಲ್ಲಲಿ ಅಂದೆ. "ಸೋತವರು ಕೋಳಿ ಸುಕ್ಕ ತಿಂದು ಮನೆಗೆ ಹೋಗ್ತಾರೆ, ನಿಲ್ಲುವುದೆಲ್ಲಿ" ಅಂದರು. ಅದೂ ನಿಜವೇ.

ಕೊನೆಗೆ ಬೋರ್ಡ್ ನಾನೇ ಮಾಡಿಸಿದೆ. ಬಡಗಿ ಎರಡು ದಿನದಲ್ಲಿ ಕೊಟ್ಟರು. ಫ್ಲೆಕ್ಸ್ ಅಂಗಡಿಯಲ್ಲಿ ಅಂಕಿ ಪ್ರಿಂಟ್ ಹಾಕಿಸಿದೆವು, ಹಳದಿ ಮೇಲೆ ಕಪ್ಪು, ಹತ್ತರ ಸ್ಥಾನಕ್ಕೆ ಈ ಸಲ ಸೊನ್ನೆಯಿಂದ ಒಂಬತ್ತರವರೆಗೂ. ಅಣ್ಣನ ಮಗ ಏಳನೇ ಕ್ಲಾಸ್, ಟೀಮಿನಲ್ಲಿ ಇಲ್ಲ. ಅವನನ್ನೇ ಕೇಳಿದೆ. ಅವನು ಬೋರ್ಡಿನ ಸುತ್ತ ಒಂದು ಸಲ ಬಂದ, ಕಾರ್ಡ್ ಪಟಪಟ ಅಂತ ತಿರುಗಿಸಿ ನೋಡಿದ. ಆಮೇಲೆ ಕೈಕಟ್ಟಿ ನಿಂತು ಹೇಳಿದ: "ಕುರ್ಚಿ ಬೇಕು, ಕೊಡೆ ಬೇಕು, ಸೋಡಾ ಎರಡು. ಮತ್ತೆ ಎಂಟಕ್ಕೆ ಸೈಡ್ ಚೇಂಜ್ ಆಗುವಾಗ ಯಾರಾದ್ರೂ ಬಂದು ನನಗೆ ಹೇಳ್ಬೇಕು ಚಿಕ್ಕಪ್ಪ, ಕಿವಿ ಹಿಂಡಿದ್ರೆ ನಾನಿಲ್ಲ." ನನ್ನ ಕಥೆ ಅವನಿಗೆ ಯಾರು ಹೇಳಿದ್ದು ಅಂತ ಅಪ್ಪನ ಕಡೆ ನೋಡಿದೆ. ಅಪ್ಪ ಎಡಗಿವಿ ತೋರಿಸಿ, ಕೇಳಲಿಲ್ಲ ಅನ್ನುವ ಹಾಗೆ ಕೂತಿದ್ದರು.